ಬೇಡ ಎಂದವರ ಊಟ

ನನ್ನನ್ನು ಬೇಡ ಎಂದವರಲ್ಲಿ ಮೊದಲನೆಯವಳು ನಮ್ಮ ಮನೆಗೆ ಊಟಕ್ಕೆ ಬಂದದ್ದು ಒಂದು ಬುಧವಾರ ಮಧ್ಯಾಹ್ನ. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಆಫೀಸಿನ ಗುರುತಿನ ಚೀಟಿಯನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತು ಬಂದಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ನಿನ್ನೆ ಸಂಜೆಯಿಂದ ಏನೂ ತಿನ್ನಕ್ಕಾಗ್ತಿಲ್ಲ ಮೇಡಂ. ಸ್ವಲ್ಪ ಬೇಗ ಬಂದ್ಬಿಟ್ಟೆ, ಪರವಾಗಿಲ್ವಾ?" ಎಂದಳು. ಒಳಗಿನಿಂದ ಅಪ್ಪ, "ಬಾಮ್ಮ, ಬಾ. ಅನ್ನ ಈಗ ಇಳೀತು" ಎಂದು ಕೂಗಿದರು. ಅವಳು ತಲೆ ತಗ್ಗಿಸಿ ಉಂಡಳು. ಎರಡನೇ ತುತ್ತಿಗೆ ಅವಳ ಮುಖ ಅರಳಿತು. ಮೂರನೇ ಸಲ ಸಾರು ಹಾಕಿಸಿಕೊಂಡಳು. ಹಿಂದಿನ ದಿನ ಇದೇ ಹುಡುಗಿ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಒಂದು ಪಟ್ಟಿಯನ್ನು ತಿರುಗುಮುರುಗು ಮಾಡುವ ಪ್ರೋಗ್ರಾಂ ಬರೆಸಿ, ನಾನು ನಡುವೆ ತಡವರಿಸಿದಾಗ ಗಡಿಯಾರ ನೋಡಿದ್ದಳು.

ನಮ್ಮೂರಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಬೇಡ ಎಂದರೆ, ಹಾಗೆಂದವರ ನಾಲಿಗೆಗೆ ಆ ಹೊತ್ತಿನಿಂದ ಉಪ್ಪು ಹತ್ತುವುದಿಲ್ಲ. ಬೇಡ ಅನ್ನಿಸಿಕೊಂಡವರ ಮನೆಯಲ್ಲಿ ಕೂತು ಒಂದು ಊಟ ಮಾಡಿದ ಮೇಲೆಯೇ ರುಚಿ ಮರಳುವುದು. ಹಲವರನ್ನು ಬೇಡ ಎಂದಿದ್ದರೆ ಅಷ್ಟೂ ಮನೆ ಮುಗಿಯಬೇಕು. ಸೊಪ್ಪು ಬೇಡ, ಸೀರೆ ಬೇಡ ಎಂದರೆ ಏನೂ ಆಗದು. ಮನುಷ್ಯರನ್ನು ಬೇಡ ಎಂದರೆ ಮಾತ್ರ. ಹಾಗಾಗಿ ಹೆಣ್ಣು ನೋಡಿ ಒಲ್ಲೆ ಎಂದ ಗಂಡು, ಬಾಡಿಗೆಗೆ ಮನೆ ಕೊಡಲೊಲ್ಲೆ ಎಂದ ಮಾಲೀಕ, ನಾಟಕದಲ್ಲಿ ಪಾರ್ಟು ಇಲ್ಲವೆಂದ ಮೇಷ್ಟ್ರು ಎಲ್ಲರೂ ಮರುದಿನ ಕೈಕಾಲು ತೊಳೆದು ಆ ಮನೆಯ ಬಾಗಿಲಿಗೆ ಬರುತ್ತಾರೆ. ಜೂನ್ ತಿಂಗಳಲ್ಲಿ ಶಾಲೆಯ ಹೆಡ್‌ಮಾಸ್ತರರು ತಮ್ಮ ಮನೆಯಲ್ಲಿ ಉಣ್ಣುವುದೇ ಇಲ್ಲ. ಆಫೀಸುಗಳಲ್ಲಿ ಇದಕ್ಕೆಂದೇ ಅರ್ಧ ದಿನದ ರಜೆಯಿದೆ, ಅದನ್ನು ಉಪ್ಪಿನ ರಜೆ ಎನ್ನುತ್ತಾರೆ. ಹೋಟೆಲಿನಲ್ಲಿ ಯಾರಾದರೂ ಇಡ್ಲಿ ಮುರಿದು ತಟ್ಟೆ ಪಕ್ಕಕ್ಕಿಟ್ಟರೆ ಸಪ್ಲೈಯರ್ ಏನೂ ಕೇಳದೆ ತಟ್ಟೆ ಎತ್ತಿಕೊಂಡು ಹೋಗುತ್ತಾನೆ. ನಾಲ್ವರು ಕೂತು ಸಂದರ್ಶನ ಮಾಡಿದರೂ ಊಟಕ್ಕೆ ಬರುವುದು ಒಬ್ಬರೇ. ಯಾರ ಮಾತು ನಡೆಯಿತೋ ಅವರು. ಯಾವ ಕಂಪನಿಯಲ್ಲಿ ನಿಜವಾಗಿ ಯಾರ ಮಾತು ನಡೆಯುತ್ತದೆ ಎಂಬುದು ಅಲ್ಲಿನ ನೌಕರರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮೂರಿನ ಅಡುಗೆಮನೆಗಳಿಗೆ ಗೊತ್ತು.

ಮಜ್ಜಿಗೆ ಅನ್ನದ ಹೊತ್ತಿಗೆ ಮನೆಯವರು ಬಂದವರನ್ನು ಒಂದು ಮಾತು ಕೇಳಬಹುದು. ಅದಕ್ಕೆ ಮೊದಲು ಕೇಳಬಾರದು, ಎರಡು ಕೇಳಬಾರದು. ಇದು ಊರಿನ ಮರ್ಯಾದೆ. ನಾನು ಆ ಹುಡುಗಿಯನ್ನು ಎಲ್ಲರೂ ಕೇಳುವುದನ್ನೇ ಕೇಳಿದೆ: "ನನ್ನನ್ನ ಯಾಕೆ ತಗೊಳ್ಳಲಿಲ್ಲ?" ಅವಳು ಎಲ್ಲರೂ ಹೇಳುವುದನ್ನೇ ಹೇಳಿದಳು: "ನೀವು ಚೆನ್ನಾಗೇ ಮಾಡಿದ್ರಿ ಮೇಡಂ. ನಮಗೆ ಬೇಕಾಗಿದ್ದು ಸ್ವಲ್ಪ ಬೇರೆ ಥರದವರು."

ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದ ಸಾಫ್ಟ್‌ವೇರ್ ಕಂಪನಿ ಜನವರಿಯಲ್ಲಿ ಬಾಗಿಲು ಹಾಕಿತ್ತು. ನನ್ನ ಹೆಸರು ವಾರಿಜ. ಆಗ ನನಗೆ ಮೂವತ್ತೇಳು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅಪ್ಪ ಗಿರಣಿಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ನಿವೃತ್ತರಾದವರು. ನೂರಾರು ಜನಕ್ಕೆ ಬೇಯಿಸಿದ ಕೈಗೆ ಇಬ್ಬರ ಅಡುಗೆ ಆಟದಂತೆ ಆಗಿತ್ತು. ನನ್ನನ್ನು ಬೇಡ ಎನ್ನುವವರು ಒಬ್ಬೊಬ್ಬರಾಗಿ ಬರತೊಡಗಿದ ಮೇಲೆ ಅವರಿಗೊಂದು ಹುರುಪು ಬಂತು. ನಾನು ಸಂದರ್ಶನ ಮುಗಿಸಿ ಬಂದು ಬ್ಯಾಗು ಇಡುವಷ್ಟರಲ್ಲಿ, "ಏನಾಯ್ತಮ್ಮ? ನಾಳೆ ಸೊಪ್ಪು ಬಿಡಿಸಿ ಇಡ್ಲಾ?" ಎನ್ನುವರು. ನನಗೆ ಸಿಟ್ಟು ಬರುತ್ತಿತ್ತು. ಅವರು ನನಗೆ ಕೆಲಸ ಸಿಗಲೆಂದು ಬಯಸುತ್ತಿದ್ದರು ನಿಜ, ಆದರೆ ಸಿಗದಿದ್ದರೆ ಬಸ್ಸಾರು ಮಾಡುವುದೆಂದೂ ಲೆಕ್ಕ ಹಾಕಿರುತ್ತಿದ್ದರು.

ಮೊದಲ ಮೂರು ಸಲ ನಾನು ಪಕ್ಕದಲ್ಲೇ ಕೂತು ಬಡಿಸಿದೆ. ನಾಲ್ಕನೆಯವನು ಬಂದಾಗ ತಲೆನೋವೆಂದು ಕೋಣೆಯಲ್ಲಿ ಮಲಗಿದೆ. ಹೊರಗೆ ಅವನು ಅಪ್ಪನ ಜತೆ ಹೀರೇಕಾಯಿ ಸಿಪ್ಪೆಯ ಚಟ್ನಿಯ ಬಗ್ಗೆ ಮಾತಾಡುವುದು ಕೇಳಿಸುತ್ತಿತ್ತು. ಒಬ್ಬಳೇ ಮಲಗಿ ಆ ಸಂದರ್ಶನವನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಮತ್ತೆ ನಡೆಸುತ್ತಿದ್ದೆ. ಈ ಸಲ ಎಲ್ಲಕ್ಕೂ ಸರಿಯಾದ ಉತ್ತರ ಹೇಳುತ್ತಿದ್ದೆ. ಐದನೆಯದು ಆದ ಮೇಲೆ, ನನ್ನ ಹನ್ನೊಂದು ವರ್ಷದ ಕೆಲಸವನ್ನು ಬೇರೆ ಯಾರೋ ಮಾಡಿದ್ದಿರಬೇಕು ಅನ್ನಿಸಿತು. ಆರನೆಯದಕ್ಕೆ ಹೋಗುವ ಮುಂಚೆ ಕನ್ನಡಿಯ ಮುಂದೆ ನಿಂತು ನನ್ನ ಹೆಸರು ಹೇಳಿ ನೋಡಿಕೊಂಡೆ, ದನಿ ಸರಿಯಾಗಿ ಬರುತ್ತದೋ ಇಲ್ಲವೋ ಎಂದು. ಏಳನೆಯವನು ಬಂದಾಗ ಅಪ್ಪ ಕೋಣೆಯ ಬಾಗಿಲಲ್ಲಿ ನಿಂತು, "ಹೊರಗೆ ಬಾ. ನಿನ್ನ ಮಾತು ಇನ್ನೂ ಬಾಕಿ ಇದೆ" ಎಂದರು. "ಕೇಳಿ ಏನಾಗ್ಬೇಕಪ್ಪ? ಅದೇ ಉತ್ತರ ತಾನೆ" ಎಂದೆ. "ಹಂಗಾದ್ರೆ ಬೇರೆ ಏನಾದ್ರೂ ಕೇಳು."

ಹೊರಗೆ ಬಂದು ಕೂತೆ. ಮಜ್ಜಿಗೆ ಬಡಿಸುವಾಗ, "ನಿಮ್ಮನ್ನ ಯಾರಾದ್ರೂ ಕೊನೇ ಸಲ ಬೇಡ ಅಂದಿದ್ದು ಯಾವಾಗ?" ಎಂದು ಕೇಳಿದೆ. ಆ ಗಂಭೀರ ಮನುಷ್ಯ ಕೈಯನ್ನು ಅನ್ನದಲ್ಲೇ ನಿಲ್ಲಿಸಿ ಯೋಚಿಸಿದ. ಹೋದ ವಾರ ಬ್ಯಾಡ್ಮಿಂಟನ್ ಆಡುವ ಗೆಳೆಯರು ಅವನನ್ನು ಬಿಟ್ಟು ಬೇರೆಯವನನ್ನು ಸೇರಿಸಿಕೊಂಡರಂತೆ. ಮೂವರದೂ ಒಂದೇ ಮಾತಾಗಿದ್ದರಿಂದ ಒಟ್ಟಿಗೆ ಬಂದು ಚಿತ್ರಾನ್ನ ತಿಂದು ಹೋದರಂತೆ. "ಚಿತ್ರಾನ್ನ ಚೆನ್ನಾಗಿತ್ತು ಅಂದ್ರು, ಅದೇ ಜಾಸ್ತಿ ಬೇಜಾರಾಗಿದ್ದು" ಎಂದ. ಅಂದಿನಿಂದ ನನಗೆ ಬರುವವರ ಮೇಲೆ ಕುತೂಹಲ ಹುಟ್ಟಿತು. ನೋವು ಹೋಯಿತೆಂದಲ್ಲ. ಅದರ ಪಕ್ಕದಲ್ಲಿ ಕೂರಲು ಇನ್ನೊಂದು ಸಿಕ್ಕಿತು, ಅಷ್ಟೆ.

ಹೀಗೆ ಒಂಬತ್ತು ಊಟ ಮುಗಿದ ಮೇಲೆ, ಅಕ್ಟೋಬರ್ ತಿಂಗಳಲ್ಲಿ, ನಾನು ಯಾವ ಸಂದರ್ಶನಕ್ಕೂ ಹೋಗಿರದ ವಾರದಲ್ಲಿ ಒಬ್ಬ ಬಾಗಿಲು ತಟ್ಟಿದ. ಮೂವತ್ತರ ಆಸುಪಾಸಿನವನು. ಬೆಲ್ಟಿಗೆ ಹೊಸ ತೂತು ಕೊರೆದು ಪ್ಯಾಂಟು ಬಿಗಿದಿದ್ದ. ಕೈಯಲ್ಲಿ ಮಡಚಿ ಮಡಚಿ ಸವೆದ ಹೆಸರುಗಳ ಪಟ್ಟಿ. "ವಾರಿಜ ಅಂದ್ರೆ ನೀವೇನಾ ಮೇಡಂ? ನಾನು ಸುಮುಖ ಅಂತ. ನಾನು ನಿಮ್ಮನ್ನ ಬೇಡ ಅಂದಿದೀನಿ. ಫೆಬ್ರವರಿಲಿ."

"ನಿಮ್ಮನ್ನ ನಾನು ನೋಡೇ ಇಲ್ವಲ್ಲ" ಎಂದೆ.

"ನಾನೂ ನಿಮ್ಮನ್ನ ನೋಡಿಲ್ಲ" ಎಂದ.

ಅಪ್ಪ ಅವನನ್ನು ಒಳಗೆ ಕರೆದು ಕೂರಿಸಿದರು. ಅವನು ಹೇಳಿದ್ದಿಷ್ಟು. ಊರಿನ ದೊಡ್ಡ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಅರ್ಜಿಗಳು ರಾಶಿ ರಾಶಿ ಬರುತ್ತಿದ್ದವು. ಬೇಡ ಎನ್ನುತ್ತಿದ್ದ ಮೇಲಧಿಕಾರಿಗಳೆಲ್ಲ ದಿನವೂ ಊಟಕ್ಕೆ ಹೋಗಿ ಹೋಗಿ ಬೇಸತ್ತಿದ್ದರು. ಅರ್ಜಿಗಳನ್ನು ತಾನೇ ಜರಡಿ ಹಿಡಿಯುವ ಪ್ರೋಗ್ರಾಂ ಒಂದನ್ನು ಬರೆದುಬಿಡು, ಯಂತ್ರಕ್ಕೆ ನಾಲಿಗೆ ಎಲ್ಲಿದೆ ಎಂದು ಅವರು ಇವನಿಗೆ ಹೇಳಿದರು. ಇವನು ಬರೆದ. ಅದನ್ನು ನಡೆಸಿದ ಮರುದಿನ ಬೆಳಿಗ್ಗೆ ಉಪ್ಪಿಟ್ಟು ಬಾಯಿಗಿಟ್ಟರೆ ಒದ್ದೆ ಮರದ ಹೊಟ್ಟು ತಿಂದಂತಾಯಿತು. ನಾನೂರ ಹನ್ನೆರಡು ಜನರನ್ನು ಆ ಪ್ರೋಗ್ರಾಂ ಹೊರಗೆ ಹಾಕಿತ್ತು. ಕಂಪನಿ ಅವನಿಗೆ ರಜೆ ಕೊಟ್ಟು ಕಳಿಸಿತು. ಎಂಟು ತಿಂಗಳಿಂದ ಅವನು ದಿನಕ್ಕೆ ಎರಡು ಮನೆಯಂತೆ, ಬೀದಿಯಿಂದ ಬೀದಿಗೆ ಉಣ್ಣುತ್ತಾ ಬಂದಿದ್ದ. ಕೆರೆ ಏರಿಯ ಆಚೆಗಿನ ನಮ್ಮ ಬೀದಿ ಊರಿನ ಕೊನೆ. ನಮ್ಮದು ಅವನ ಪಟ್ಟಿಯ ಕೊನೆಯ ಮನೆ.

ಅಪ್ಪ ಅಂದು ಮುದ್ದೆ, ಬಸ್ಸಾರು ಮಾಡಿದ್ದರು. ಸುಮುಖ ಮುದ್ದೆ ಮುರಿದ, ಸಾರಿನಲ್ಲಿ ಅದ್ದಿ ನುಂಗಿದ, ಕಣ್ಣು ಮುಚ್ಚಿ ಕಾದ. ಇನ್ನೊಂದು ತುತ್ತು ನುಂಗಿದ. ಉಪ್ಪಿನಕಾಯಿ ನೆಕ್ಕಿದ. ಪೂರ್ತಿ ಉಂಡ. ಆಮೇಲೆ ಮೆಲ್ಲಗೆ, "ಬರ್ಲಿಲ್ಲ" ಎಂದ. ಅಪ್ಪ ಒಳಗೆ ಹೋಗಿ ಸಾರಿನ ರುಚಿ ನೋಡಿ ಬಂದರು. "ಉಪ್ಪು ಸರಿಯಾಗೇ ಇದೆಯಲ್ಲಪ್ಪ!" ಎಂದು ಉಪ್ಪಿನ ಡಬ್ಬಿಯನ್ನೇ ತಂದು ಮುಂದಿಟ್ಟರು. ಅವನು ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡ. "ಮರಳು ಇದ್ದಂಗಿದೆ" ಎಂದ. ಅವನ ಕಣ್ಣಲ್ಲಿ ನೀರು ಬಂತು. ತುಟಿಗೆ ಇಳಿದ ಹನಿಯನ್ನು ನಾಲಿಗೆಯಿಂದ ಮುಟ್ಟಿ, "ಇದೂ ಸಪ್ಪೆನೇ ಮೇಡಂ" ಎಂದ.

ನಾನು ಅವನ ಮೇಲೆ ಸಿಟ್ಟಾಗಬೇಕಿತ್ತು. ಫೆಬ್ರವರಿಯಿಂದ ಆ ಕಂಪನಿಯ ಉತ್ತರಕ್ಕೆ ಕಾದಿದ್ದೆ. ಇಲ್ಲ ಎಂಬುದೂ ಬಂದಿರಲಿಲ್ಲ. ಆದರೆ ನನ್ನ ತಲೆಯೊಳಗೆ ಬೇರೆಯದೇ ಓಡುತ್ತಿತ್ತು. ನಾನೂರ ಹನ್ನೆರಡಕ್ಕೆ ನಾನೂರ ಹನ್ನೆರಡೂ ಮುಗಿದು ಲೆಕ್ಕ ಕೂಡುತ್ತಿಲ್ಲವೆಂದರೆ ತಪ್ಪು ಎಲ್ಲೋ ಇದೆ. ತಪ್ಪು ಹುಡುಕುವುದು ನನ್ನ ಹನ್ನೊಂದು ವರ್ಷದ ಕೆಲಸ. ಮಜ್ಜಿಗೆ ಬಂತು. ನನ್ನ ಒಂದು ಮಾತನ್ನು ಕೇಳಿದೆ: "ಆ ಪ್ರೋಗ್ರಾಂ ನನಗೆ ತೋರಿಸ್ತೀರಾ?"

ಮರುದಿನ ಬೆಳಿಗ್ಗೆ ಅವನು ಲ್ಯಾಪ್‌ಟಾಪ್ ತಂದ. ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೂತೆವು. ಅವನು ಕೆಟ್ಟ ಪ್ರೋಗ್ರಾಮರ್ ಏನಲ್ಲ, ಸಾಲುಗಳು ಅಚ್ಚುಕಟ್ಟಾಗಿದ್ದವು. ಓದುತ್ತಾ ಓದುತ್ತಾ ನಾನು ಹೊರಬಿದ್ದ ಜಾಗಕ್ಕೆ ಬಂದೆ. ಹದಿನೆಂಟು ತಿಂಗಳಿಗಿಂತ ಹೆಚ್ಚು ಕಾಲ ಕೆಲಸ ಬಿಟ್ಟಿದ್ದವರನ್ನು ತೆಗೆದುಹಾಕು ಎಂದು ಅಲ್ಲಿ ಬರೆದಿತ್ತು. ಹಳೆಯ ಕಂಪನಿಗೆ ಸೇರುವ ಮುಂಚೆ, ಅಮ್ಮ ಹಾಸಿಗೆ ಹಿಡಿದಾಗ, ನಾನು ಕೆಲಸ ಬಿಟ್ಟು ಎರಡು ವರ್ಷ ಮನೆಯಲ್ಲಿದ್ದೆ. "ಹದಿನೆಂಟು ಅಂತ ಯಾರು ಹೇಳಿದ್ದು?" ಎಂದೆ. ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ, "ಯಾರೂ ಇಲ್ಲ. ಅಲ್ಲಿ ಏನಾದ್ರೂ ಒಂದು ಅಂಕಿ ಬೇಕಿತ್ತು ಮೇಡಂ. ಮ್ಯಾನೇಜರ್ ನೀನೇ ಹಾಕು ಅಂದ್ರು. ಹನ್ನೆರಡು ಕಮ್ಮಿ ಅನ್ನಿಸ್ತು, ಇಪ್ಪತ್ನಾಲ್ಕು ಜಾಸ್ತಿ ಅನ್ನಿಸ್ತು" ಎಂದ.

ನಾನು ಆ ಅಂಕಿಯನ್ನು ಬಹಳ ಹೊತ್ತು ನೋಡಿದೆ. ಎಂಟು ತಿಂಗಳು ನನ್ನಲ್ಲಿ ಏನು ಕೊರತೆಯಿದೆ ಎಂದು ಹುಡುಕಿದ್ದೆ: ನನ್ನ ಮಾತಿನಲ್ಲಿ, ವಯಸ್ಸಿನಲ್ಲಿ, ಉಟ್ಟ ಬಟ್ಟೆಯಲ್ಲಿ, ಬೋರ್ಡಿನ ಮುಂದೆ ತಡವರಿಸಿದ ಕೈಯಲ್ಲಿ. ಅಷ್ಟರಲ್ಲಿ ಒಂದಾದರೂ ಕಾರಣ ಇಷ್ಟು ಚಿಕ್ಕದಾಗಿತ್ತು. ಒಬ್ಬ ದಣಿದ ಮನುಷ್ಯ ಚಹಾ ಕುಡಿಯುತ್ತಾ ಒತ್ತಿದ ಎರಡು ಗುಂಡಿ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಪ್ಪ ತಟ್ಟೆಯಲ್ಲಿ ಕಡ್ಲೆಪುರಿ ತಂದಿಟ್ಟು, "ಸಿಕ್ತಾ?" ಎಂದರು. "ನಾನು ಸಿಕ್ಕಿದೆ. ಉಪ್ಪು ಇನ್ನೂ ಸಿಕ್ಕಿಲ್ಲ" ಎಂದೆ.

ಮೂರನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಪ್ರೋಗ್ರಾಂ ಬಿಟ್ಟು ಅವನನ್ನೇ ಕೇಳಿದೆ: "ಒಟ್ಟು ಎಷ್ಟು ಅರ್ಜಿ ಬಂದಿದ್ವು?" "ನಾನೂರ ನಲವತ್ತು. ಇಪ್ಪತ್ತೆಂಟು ಒಳಗೆ, ನಾನೂರ ಹನ್ನೆರಡು ಹೊರಗೆ." "ಅದು ಜರಡಿ ಹೇಳಿದ್ದು. ಜರಡಿಗೆ ಹಾಕೋ ಮುಂಚೆ ಎಷ್ಟಿದ್ವು?" ಅವನು ಎಣಿಸಿರಲಿಲ್ಲ. ಮೇಲ್ ಪೆಟ್ಟಿಗೆ ತೆರೆದು ಎಣಿಸಿದೆವು. ನಾನೂರ ಐವತ್ತೇಳು. ಹದಿನೇಳು ಜನ ಎಲ್ಲಿಗೂ ಸೇರದೆ ಉಳಿದಿದ್ದರು. ಅರ್ಜಿಯ ಕಡತ ಓದಲು ಬಾರದಿದ್ದರೆ ಮುಂದಿನದಕ್ಕೆ ಹೋಗು ಎಂದು ಮೊದಲ ಪುಟದಲ್ಲೇ ಒಂದು ಸಾಲಿತ್ತು. ಅಂಥವರನ್ನು ಎಣಿಸು ಎಂದು ಎಲ್ಲೂ ಬರೆದಿರಲಿಲ್ಲ. ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದವರು, ಕಡತಕ್ಕೆ ತಪ್ಪಿ ಪಾಸ್‌ವರ್ಡಿನ ಬೀಗ ಹಾಕಿದವರು, ಹೀಗೆ. "ಆದ್ರೆ ಇವರನ್ನ ನಾನು ಬೇಡ ಅಂದೇ ಇಲ್ವಲ್ಲ ಮೇಡಂ. ನೋಡೇ ಇಲ್ಲ" ಎಂದ ಸುಮುಖ. ಒಲೆಯ ಮುಂದಿದ್ದ ಅಪ್ಪ ಅಲ್ಲಿಂದಲೇ, "ಮನೆಗೆ ಬಂದವರನ್ನ ನೋಡದೇ ಇರೋದು ಅಂದ್ರೆ ಇನ್ನೇನಪ್ಪ" ಎಂದರು.

ಆ ಹದಿನೇಳು ಮನೆಗಳಿಗೆ ನಾನೂ ಅವನ ಜತೆ ಹೋದೆ. ಅವನಿಗೆ ಒಬ್ಬನೇ ಹೋಗಲು ಧೈರ್ಯ ಉಳಿದಿರಲಿಲ್ಲ, ನನಗೆ ನೋಡುವ ಆಸೆ. ನನ್ನಂತೆ ಬೇಡ ಅನ್ನಿಸಿಕೊಂಡವರು ಮನೆಯೊಳಗೆ ಹೇಗಿರುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ದಿನ ನಾನು ಬೇಡ ಎಂದವರನ್ನು ಮಾತ್ರ ನೋಡಿದ್ದೆ. ಒಬ್ಬ ಗೋಡೆಗೆ ಕಪ್ಪು ಬಣ್ಣ ಬಳಿದು ದಿನವೂ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಒಂದು ಲೆಕ್ಕ ಬಿಡಿಸುತ್ತಿದ್ದ; ಅವನ ಹೆಂಡತಿ ರೊಟ್ಟಿ ತಟ್ಟುತ್ತಾ, "ಆಯ್ತು, ಹತ್ತು ನಿಮಿಷ ಆಯ್ತು" ಎಂದು ಸಮಯ ಹೇಳುತ್ತಿದ್ದಳು. ಒಬ್ಬಳು ಮಾತು ಕೇಳಿಸದ ಅತ್ತೆಯ ಮುಂದೆ ಕೂತು ಸಂದರ್ಶನದ ಉತ್ತರಗಳನ್ನು ಒಪ್ಪಿಸುತ್ತಿದ್ದಳು. ಅತ್ತೆ ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. "ಇವರು ಒಬ್ಬರೇ ನನ್ನನ್ನ ದಿನಾ ಸೆಲೆಕ್ಟ್ ಮಾಡೋದು" ಎಂದು ನಕ್ಕಳು. ಇನ್ನೊಬ್ಬ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ. ಅವನಿಗೆ ಅರ್ಜಿ ಹಾಕಿದ್ದೇ ಮರೆತುಹೋಗಿತ್ತು. ಆದರೂ ಪಕ್ಕದ ಮನೆಯಿಂದ ಸಾರು ತರಿಸಿ ಉಣ್ಣಿಸಿದ. ಯಾರೂ ನಮ್ಮ ಮೇಲೆ ಕೂಗಾಡಲಿಲ್ಲ. ನಾನು ಮಾತ್ರ ಆ ಮನೆಗಳಲ್ಲಿ ಕೂತಾಗೆಲ್ಲ ಒಂದು ವಿಚಿತ್ರ ನೆಮ್ಮದಿಯನ್ನು ಅನುಭವಿಸಿದೆ. ಇವರಲ್ಲಿ ಯಾರನ್ನು ನೋಡಿದಾಗಲೂ ಇವರಲ್ಲಿ ಏನೋ ಕೊರತೆಯಿದೆ ಎಂದು ನನಗೆ ಅನ್ನಿಸಲಿಲ್ಲ.

ಹದಿನೇಳನೆಯವರು ಗುರುಶಾಂತಪ್ಪ. ವಯಸ್ಸು ಐವತ್ತಮೂರು. ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಕಂಪ್ಯೂಟರ್ ವಿಭಾಗ ನೋಡಿಕೊಂಡವರು. ಗಿರಣಿ ಮುಚ್ಚಿದ ಮೇಲೆ ಟೈಪ್‌ರೈಟರಿನಲ್ಲಿ ಅರ್ಜಿ ಹೊಡೆದು, ಅದರ ಫೋಟೋ ತೆಗೆಸಿ ಕಳಿಸಿದ್ದರು. ಬಾಗಿಲು ತೆರೆದು ಸುಮುಖನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟರು.

"ಎಂಟು ತಿಂಗಳು ದಿನಾ ಬೆಳಿಗ್ಗೆ ಎದ್ದು ಫೋನ್ ನೋಡಿದೀನಿ. ಹೆಂಡತಿ ಕೇಳ್ತಾಳೆ, ಏನಾದ್ರೂ ಬಂತಾ ಅಂತ. ಇಲ್ಲ ಅಂತ ಬಂದಿದ್ರೂ ಇವತ್ತು ಬಂತು ಕಣೇ ಅಂತ ಹೇಳ್ಬಹುದಿತ್ತು. ಬೇಡ ಅನ್ನೋಕೂ ನನ್ನ ಕಾಗದ ಓದಲಿಲ್ವಲ್ಲಪ್ಪ ನೀನು."

"ತಪ್ಪಾಯ್ತು ಸಾರ್" ಎಂದ ಸುಮುಖ.

"ತಪ್ಪಾಯ್ತು ಅಂತ ಊಟಕ್ಕೆ ಬಂದಿದೀಯ. ನಿನ್ನ ನಾಲಿಗೆ ಸರಿಹೋಗ್ಲಿ ಅಂತ. ನನಗೋಸ್ಕರ ಅಲ್ಲ." ಅವರ ದನಿ ಏರಲಿಲ್ಲ. "ನಮ್ಮನೇಲಿ ನಿನಗೆ ಊಟ ಇಲ್ಲ. ಹೋಗು." ಬಾಗಿಲು ಮುಚ್ಚಿತು.

ಸುಮುಖ ಮೆಟ್ಟಿಲ ಮೇಲೆ ಕುಸಿದು ಕೂತ. ನಾನೂರ ಇಪ್ಪತ್ತೆಂಟು ಮನೆ ಉಂಡ ಮನುಷ್ಯ ಒಂದು ಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ. ಗುರುಶಾಂತಪ್ಪನವರ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನಗೆ ಅವರ ಪಕ್ಕವೇ ನಿಲ್ಲಬೇಕು ಅನ್ನಿಸಿತು. ಅರ್ಧ ದಾರಿ ನಡೆದ ಮೇಲೆ ನನಗೆ ಹೊಳೆಯಿತು. "ಸುಮುಖ, ಅವರು ಈಗ ನಿಮ್ಮನ್ನ ಬೇಡ ಅಂದ್ರಲ್ಲ?" "ಹೌದು ಮೇಡಂ, ಕೇಳಿಸ್ಕೊಂಡ್ರಲ್ಲ." "ಹಾಗಾದ್ರೆ ನಾಳೆ ಅವರು ನಿಮ್ಮನೆಗೆ ಬರ್ಬೇಕು. ನಿಮ್ಮನೇಲಿ ಒಲೆ ಇದೆಯಾ?" ಇರಲಿಲ್ಲ. ಅವನದು ಬಾಡಿಗೆಯ ಒಂದು ಕೋಣೆ. ಎಂಟು ತಿಂಗಳಿಂದ ಅಲ್ಲಿ ಯಾರೂ ಏನನ್ನೂ ಬೇಯಿಸಿರಲಿಲ್ಲ.

ಮರುದಿನ ಅಪ್ಪ ಆಟೋದಲ್ಲಿ ಸ್ಟೌವ್, ಪಾತ್ರೆ, ತರಕಾರಿ ಎಲ್ಲ ಹೇರಿಕೊಂಡು ಹೋಗಿ ಆ ಕೋಣೆಯ ಕಿಟಕಿಯ ಕೆಳಗೆ ಅಡುಗೆ ಹೂಡಿದರು. ಹನ್ನೆರಡೂವರೆಗೆ ಗುರುಶಾಂತಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಯಾರ ಮುಖವನ್ನೂ ನೋಡದೆ, ನೆಲದ ಮೇಲೆ ಹಾಸಿದ್ದ ಪೇಪರಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಪ್ಪ ಅವರ ಗುರುತು ಹಿಡಿದರು: "ಕಂಪ್ಯೂಟರ್ ರೂಮಿನ ಗುರುಶಾಂತಪ್ಪ ಅಲ್ವಾ ನೀವು? ಕ್ಯಾಂಟೀನ್‌ಗೆ ಎಲ್ಲರಿಗಿಂತ ಕೊನೇಲಿ ಬರ್ತಿದ್ರಿ. ನಿಮಗೋಸ್ಕರ ಒಂದು ಬೌಲು ಪಲ್ಯ ಎತ್ತಿಡ್ತಿದ್ದೆ." ಅವರು ತಲೆಯೆತ್ತಿದರು. "ಬೀನ್ಸ್ ಪಲ್ಯ" ಎಂದರು. ಆಮೇಲೆ ಊಟ ಸ್ವಲ್ಪ ಸರಾಗವಾಯಿತು.

ಮಜ್ಜಿಗೆಯ ಹೊತ್ತಿಗೆ ಕೇಳುವ ಹಕ್ಕು ಸುಮುಖನದು. ಬೇಡ ಅನ್ನಿಸಿಕೊಂಡವನು ಅವನು. ಬಾಗಿಲಲ್ಲಿ ನಿಂತ ನನಗೆ, ಈಗ ನಿಮ್ಮನೆಗೆ ಕರ್ಕೊಂಡು ಹೋಗ್ತೀರಾ ಎಂದು ಕೇಳಿಬಿಡುತ್ತಾನೇನೋ ಎಂದು ಭಯವಾಗಿತ್ತು. ಅವನು ಕೇಳಿದ್ದು ಅದಲ್ಲ. "ಸಾರ್, ನಿಮ್ಮ ಅರ್ಜೀಲಿ ಏನು ಬರ್ದಿದ್ರಿ?"

ಗುರುಶಾಂತಪ್ಪ ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡೇ ಹೇಳತೊಡಗಿದರು. ಕಾಗದವಿರಲಿಲ್ಲ, ಬಾಯಿಪಾಠವಾಗಿತ್ತು. ಮಾನ್ಯರೇ ಎಂಬಲ್ಲಿಂದ ಶುರುಮಾಡಿದರು. ಗಿರಣಿಯ ಎರಡು ಸಾವಿರ ಜನರ ಪಾಳಿಯ ಪಟ್ಟಿಯನ್ನು ತಾನೊಬ್ಬನೇ ಬರೆದ ಪ್ರೋಗ್ರಾಂ ಹತ್ತೊಂಬತ್ತು ವರ್ಷ ನಡೆಸಿತೆಂದೂ, ಅಷ್ಟು ಕಾಲದಲ್ಲಿ ಅದು ಒಂದೇ ದಿನ ನಿಂತಿತೆಂದೂ, ಆ ದಿನ ತಾನು ಕೈಯಲ್ಲಿ ಬರೆದು ಪಾಳಿ ಹಂಚಿದೆನೆಂದೂ, ಹೊಸ ಭಾಷೆಗಳನ್ನು ಈಗ ಕಲಿಯುತ್ತಿದ್ದೇನೆ, ನಿಧಾನವಾಗಿ ಕಲಿಯುತ್ತೇನೆ, ಕಲಿತದ್ದನ್ನು ಮರೆಯುವುದಿಲ್ಲವೆಂದೂ ಹೇಳಿದರು. ಕೈಮೇಲಿನ ಮಜ್ಜಿಗೆ ಒಣಗಿತು. ತಮ್ಮ ವಿಶ್ವಾಸಿ ಎಂದು ಮುಗಿಸಿದಾಗ ಅಪ್ಪ ಸೌಟು ಹಿಡಿದು ನಿಂತೇ ಇದ್ದರು. ಗುರುಶಾಂತಪ್ಪ ಎದ್ದು ಕೈ ತೊಳೆದು ಬಂದು, "ನಡಿ ನಮ್ಮನೆಗೆ" ಎಂದರು. "ಹೊಟ್ಟೆ ತುಂಬಿದ್ರೂ ಪರವಾಗಿಲ್ಲ, ನಾಲ್ಕು ತುತ್ತು ತಿನ್ನು."

ಅವರ ಹೆಂಡತಿ ಸುಮುಖನಿಗೆ ತಟ್ಟೆಯಿಟ್ಟು ಅನ್ನ ಸಾರು ಬಡಿಸಿದರು. ನಾನು, ಅಪ್ಪ, ಗುರುಶಾಂತಪ್ಪ ಮೂವರೂ ಗೋಡೆಗೊರಗಿ ಅವನ ಬಾಯಿಯನ್ನೇ ನೋಡುತ್ತಿದ್ದೆವು. ಅವನು ಮೊದಲ ತುತ್ತು ಬಾಯಿಗಿಟ್ಟ. ಹುಬ್ಬು ಗಂಟಿಕ್ಕಿತು. ಇನ್ನೊಂದು ತುತ್ತು ಇಟ್ಟ. ಅವನು ಬಹಳ ಸಂಕೋಚದಿಂದ, "ಅಮ್ಮ, ತಪ್ಪು ತಿಳ್ಕೋಬೇಡಿ, ಉಪ್ಪು ಸ್ವಲ್ಪ ಜಾಸ್ತಿ ಆಗಿದೆ" ಎಂದ.

"ಸ್ವಲ್ಪ ಏನು ಬಂತು!" ಎಂದರು ಆಕೆ. "ನಿನ್ನೆಯಿಂದ ಇವರು ಉಪ್ಪಿಲ್ಲ ಉಪ್ಪಿಲ್ಲ ಅಂತ ನನ್ನ ಕೈಲಿ ಹಾಕಿಸ್ತಾನೇ ಇದಾರೆ." ಸುಮುಖ ನಗುತ್ತಾ, ಅಳುತ್ತಾ, ಕೆಮ್ಮುತ್ತಾ ಆ ಉಪ್ಪುಪ್ಪು ಸಾರನ್ನು ಎರಡು ಸಲ ಹಾಕಿಸಿಕೊಂಡು ತಿಂದ.

ಅವನು ಕೆಲಸಕ್ಕೆ ಮರಳಿ ಮೊದಲು ಆ ಹದಿನೆಂಟನ್ನು ಅಳಿಸಿದ. ಗುರುಶಾಂತಪ್ಪನವರ ಅರ್ಜಿಯನ್ನು ತಾನೇ ಹೊಸದಾಗಿ ಟೈಪು ಮಾಡಿ ಮ್ಯಾನೇಜರರ ಮೇಜಿನ ಮೇಲಿಟ್ಟ. ಅವರನ್ನು ಸಂದರ್ಶನಕ್ಕೆ ಕರೆದರು, ತೆಗೆದುಕೊಳ್ಳಲಿಲ್ಲ. ಈ ಸಲ ಮ್ಯಾನೇಜರೇ ಅವರ ಮನೆಗೆ ಹೋಗಿ ಉಂಡು ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಗುರುಶಾಂತಪ್ಪ, "ಈ ಸಲ ಯಾರು ಬೇಡ ಅಂದಿದ್ದು ಅಂತ ಮುಖ ನೋಡಿದೆ ವಾರಿಜಮ್ಮ. ಇನ್ನೆರಡು ಕಡೆ ಹಾಕಿದೀನಿ" ಎಂದರು.

ನಾನೂ ಹಾಕುತ್ತಿದ್ದೆ. ಹತ್ತನೆಯವರು ಬೇಡ ಎಂದರು, ಬಂದು ಉಂಡರು. ಹನ್ನೊಂದನೆಯದಕ್ಕೆ ಹೋದಾಗ ಒಂದು ವ್ಯತ್ಯಾಸ ನನಗೇ ಕಾಣಿಸಿತು. ಬೋರ್ಡಿನ ಮುಂದೆ ತಡವರಿಸಿದಾಗ, "ಇಲ್ಲಿ ತಪ್ಪಿದೆ. ಎಲ್ಲಿ ಅಂತ ನೋಡೋಣ ಇರಿ" ಎಂದು ಗಟ್ಟಿಯಾಗಿ ಹೇಳಿ, ಅವರು ಇದ್ದಾರೆಂಬುದನ್ನು ಮರೆತು ಹುಡುಕತೊಡಗಿದ್ದೆ. ಅದು ಬಸ್ಸುಗಳ ವೇಳಾಪಟ್ಟಿ ನೋಡಿಕೊಳ್ಳುವ ಸಣ್ಣ ಆಫೀಸು. ಎರಡು ದಿನ ಕಳೆದು ಫೋನ್ ಬಂತು. ನನ್ನನ್ನು ತೆಗೆದುಕೊಂಡಿದ್ದರು. ಅಪ್ಪ ಪಾಯಸ ಮಾಡಿದರು. ನಾವಿಬ್ಬರೇ ಕೂತು ಉಂಡೆವು.

ಕೆಲಸಕ್ಕೆ ಸೇರಿದ ದಿನ, ನನ್ನನ್ನು ಆರಿಸಿದ ನಫೀಸಾ ಮೇಡಂ ಅವರನ್ನು ಮನಸ್ಸು ತಡೆಯದೆ ಕೇಳಿದೆ, ನನ್ನನ್ನೇ ಯಾಕೆ ಎಂದು. ಬೇಕು ಎಂದವರು ಕಾರಣ ಹೇಳಬೇಕೆಂಬ ಮರ್ಯಾದೆ ನಮ್ಮೂರಿನಲ್ಲಿಲ್ಲ. ಅವರು ಆಶ್ಚರ್ಯದಿಂದ ನೋಡಿದರು. "ನಿಜ ಹೇಳ್ಲಾ? ಕೊನೇಲಿ ಮೂರು ಜನ ಉಳ್ಕೊಂಡ್ರಿ. ಮೂರೂ ಜನ ಒಂದೇ ಥರ. ನಿಮ್ಮದು ಆಫೀಸಿಗೆ ಬರೋ ಬಸ್ಸಿನ ದಾರೀಲಿ ಮನೆ. ಅಷ್ಟೇ." ಅವರು ಬ್ಯಾಗು ಹೆಗಲಿಗೇರಿಸಿದರು. "ಒಬ್ಬರ ಮನೇಲಿ ನಿನ್ನೆ ಊಟ ಆಯ್ತು. ಇನ್ನೊಬ್ಬರ ಮನೆಗೆ ಈಗ ಹೊರಟೆ. ಅಲ್ಲೀವರೆಗೂ ಬಾಯಿ ಸಪ್ಪೆನೇ."

"ನಾನೂ ಬರ್ಲಾ ಮೇಡಂ?"

"ನೀವ್ಯಾಕೆ? ನಿಮ್ಮ ನಾಲಿಗೆ ಚೆನ್ನಾಗೇ ಇದೆಯಲ್ಲ" ಎಂದರು. ನಾನೂ ಬ್ಯಾಗು ತೆಗೆದುಕೊಂಡೆ. ಅವರು ಒಂದು ಗಳಿಗೆ ನನ್ನನ್ನು ನೋಡಿ, "ಬನ್ನಿ" ಎಂದರು.

ಆ ಮನೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲಿತ್ತು. ಬಾಗಿಲು ತೆರೆದವಳು ನನ್ನ ವಯಸ್ಸಿನವಳೇ. ಕೂದಲನ್ನು ಮೇಲಕ್ಕೆ ಕಟ್ಟಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಮೇಡಂ ಅವರಿಗೆ ನಮಸ್ಕಾರ ಮಾಡಿ ನನ್ನ ಕಡೆ ತಿರುಗಿದಳು. "ಇವರು ಯಾರು ಅಂತ ಗೊತ್ತಾಗ್ಲಿಲ್ಲ."

ನಫೀಸಾ ಮೇಡಂ ಚಪ್ಪಲಿ ಬಿಡುತ್ತಿದ್ದರು. ನಾನೇ ಹೇಳಿದೆ: "ಆ ಕೆಲಸಕ್ಕೆ ಸೇರಿದವಳು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣಲ್ಲಿ ಏನಿತ್ತೆಂದು ನಾನು ಹೇಳಲಾರೆ; ನೋಡುವುದನ್ನು ಅವಳು ಬೇಗ ಮುಗಿಸಲಿಲ್ಲ. ಒಳಗೆ ಕುಕ್ಕರ್ ಕೂಗಿತು. ಅವಳು ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಗೋಡೆಯ ಗೂಡಿನಿಂದ ಇನ್ನೊಂದು ತಟ್ಟೆ ತೆಗೆಯುತ್ತಾ, "ನಲ್ಲಿ ಅಲ್ಲಿದೆ, ಕೈ ತೊಳ್ಕೊಂಡು ಬನ್ನಿ" ಎಂದಳು.